ದನಿ ಹೋದ ಮೇಲಿನ ಪಾಠ

ಆಗಸ್ಟ್ 17, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಫೋನಿನಲ್ಲಿ ನನ್ನ ಗೊಗ್ಗರು ಪಿಸುಮಾತು ಕೇಳಿ ನೀನು ಸಪ್ಪಗಾಗುವುದು ನನಗೆ ಗೊತ್ತಾಗುತ್ತದೆ. ಅದಕ್ಕೇ ಈ ಕಾಗದ. ಬರೆದರೆ ಗಂಟಲು ನೋಯುವುದಿಲ್ಲ, ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ.

ಗಂಟಲಿನ ಆಪರೇಷನ್ ಆದಾಗಿನಿಂದ ನೀನು ಹೇಳುತ್ತಿರುವುದು ಒಂದೇ: ಸಾಕಮ್ಮ, ಕೆಲಸ ಬಿಡು. ನಿಮ್ಮಪ್ಪನದೂ ಅದೇ ರಾಗ. ನಮ್ಮ ಹೆಡ್‌ಮಿಸ್ ಅಂತೂ ಲೈಬ್ರರಿಯ ಕಿಟಕಿ ಪಕ್ಕ ನನಗೊಂದು ಕುರ್ಚಿಯನ್ನೇ ಹಾಕಿಸಿಬಿಟ್ಟಿದ್ದರು. ಎಲ್ಲವೂ ನನ್ನ ಮೇಲಿನ ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ನಾನು ಪಾಠ ಮಾಡುತ್ತಿದ್ದ ಎಂಟನೇ ತರಗತಿಯ ಮುಂದೆ ಹಾದುಹೋಗುವಾಗ ಒಳಗೆ ಬೇರೆ ಯಾರೋ ವಿಜ್ಞಾನ ಹೇಳುವುದು ಕಿವಿಗೆ ಬಿತ್ತು. ನೇರ ಹೆಡ್‌ಮಿಸ್ ಕೋಣೆಗೆ ಹೋದೆ. ನನಗೊಂದು ತಿಂಗಳು ಕೊಡಿ ಎಂದು ಚೀಟಿ ಬರೆದಿಟ್ಟೆ. ಅವರು ಅದನ್ನು ಓದಿ, ತಿಂಗಳ ಕೊನೆಗೆ ಶಾಲಾ ಸಮಿತಿಯವರು ಬಂದು ಪಾಠ ನೋಡಲಿ, ಅವರು ಒಪ್ಪದಿದ್ದರೆ ಲೈಬ್ರರಿಯೇ ಸರಿ ಎಂದರು.

ದಾರಿ ತೋರಿಸಿದವಳು ಕಂಪ್ಯೂಟರ್ ಟೀಚರ್. ನಿನ್ನ ವಾರಗೆಯವಳು, ಚುರುಕು. ಅಂತರ್ಜಾಲದಲ್ಲಿ ಇಡೀ ತರಗತಿಗೆ ಒಂದೇ ಪುಟ ಮಾಡಿಕೊಟ್ಟಳು. ಯಾರು ಏನು ಬರೆದರೂ ಆ ಕ್ಷಣವೇ ಎಲ್ಲರ ಪರದೆಯಲ್ಲೂ ಕಾಣುತ್ತದೆ. ನಾನು ಪ್ರಶ್ನೆ ಟೈಪ್ ಮಾಡಬೇಕು, ಮಕ್ಕಳು ಅದರ ಕೆಳಗೆ ಬರೆಯಬೇಕು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಬೇಕು.

ಮೊದಲ ದಿನ ಕಂಪ್ಯೂಟರ್ ಕೋಣೆ ಸಂತೆಯಾಯಿತು ಕಣೇ. ಒಬ್ಬ ಪುಟದ ತುಂಬ ಬೆಕ್ಕಿನ ಚಿತ್ರ ಅಂಟಿಸಿದ. ಇನ್ನೊಬ್ಬ ಪಕ್ಕದವನು ಬರೆದದ್ದನ್ನೆಲ್ಲ ಅಳಿಸುತ್ತ ಕೂತ. ಕೊನೆಗೆ ಯಾರ ಕೈ ತಾಗಿತೋ, ಇಡೀ ಪುಟವೇ ಖಾಲಿ. ಗದರಿಸೋಣವೆಂದರೆ ದನಿಯೆಲ್ಲಿದೆ? ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕಂಪ್ಯೂಟರ್ ಟೀಚರ್ ಹಳೆಯ ಪ್ರತಿ ಹುಡುಕಿ ಪುಟವನ್ನು ವಾಪಸ್ ತಂದಳು. ಅದರ ಕೆಳಗೆ ನಾನು ಬರೆದದ್ದು ಒಂದೇ ಸಾಲು: ನನ್ನ ಮಾತು ಇರುವುದು ಇದರಲ್ಲೇ, ಇದನ್ನು ಅಳಿಸಿದರೆ ನನ್ನ ಬಾಯಿ ಮುಚ್ಚಿದ ಹಾಗೆ. ಆಮೇಲೆ ಯಾರೂ ಅಳಿಸಲಿಲ್ಲ.

ಮರುವಾರ ಮೇಜಿನ ಮೇಲೊಂದು ಮೇಣದಬತ್ತಿ ಹಚ್ಚಿಟ್ಟು ಕೇಳಿದೆ: ಬತ್ತಿ ಉರಿದು ಗಿಡ್ಡವಾಗುತ್ತದಲ್ಲ, ಮೇಣ ಹೋಗುವುದೆಲ್ಲಿಗೆ?

ನಮ್ಮಲ್ಲೊಬ್ಬ ಹುಡುಗನಿದ್ದಾನೆ, ಚಿನಕುರುಳಿ ಎಂದೇ ಅವನನ್ನು ಕರೆಯುವುದು. ಯಾರ ಪ್ರಶ್ನೆಗೂ ಅವನದೇ ಉತ್ತರ. ಕರಗಿ ಕೆಳಗೆ ಸೋರುತ್ತದೆ, ಅಷ್ಟೇ ಎಂದು ಬರೆದ. ಹಿಂದಾದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅವನ ಸಾಲಿನ ಕೆಳಗೆ ಇನ್ನೊಬ್ಬಳು, ಸೋರಿದ್ದನ್ನು ತೂಕ ಮಾಡೋಣ ಎಂದು ಬರೆದಳು. ಲ್ಯಾಬಿನ ತಕ್ಕಡಿ ತಂದು ಸೋರಿದ್ದನ್ನೂ ಮಿಕ್ಕ ಬತ್ತಿಯನ್ನೂ ಒಟ್ಟಿಗೆ ತೂಗಿದರೆ ಹೊಸ ಬತ್ತಿಗಿಂತ ಕಡಿಮೆ. ಉಳಿದದ್ದೆಲ್ಲಿ? ಬತ್ತಿ ಆರಿಸಿದಾಗ ಮೇಣದ ವಾಸನೆ ಬರುತ್ತದೆ ಎಂದು ಮತ್ತೊಬ್ಬ ಬರೆದ. ಮೂರು ದಿನ ಜಗಳವೋ ಜಗಳ, ಎಲ್ಲ ಬರಹದಲ್ಲೇ. ಮನೆಗೆ ಹೋದ ಮೇಲೂ ಅಮ್ಮಂದಿರ ಫೋನು ಹಿಡಿದು ಬರೆಯುತ್ತಿದ್ದರು.

ಮೂಲೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಾಳೆ. ಹಾಜರಿ ಕೂಗಿದರೂ ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ನಾಲ್ಕನೆಯ ದಿನ ಪುಟದ ತಳದಲ್ಲಿ ಅವಳ ಹೆಸರು ಕಂಡಿತು. ‘ಆರಿಸಿದಾಗ ಬರುವ ಹೊಗೆಯಲ್ಲೇ ಮೇಣ ಇದ್ದರೆ ಹೊಗೆಗೂ ಬೆಂಕಿ ಹತ್ತಬೇಕಲ್ಲವೇ?’

ಮಗಳೇ, ನನ್ನ ಮೈ ಜುಮ್ಮೆಂದಿತು. ಉತ್ತರ ನನ್ನ ಬೆರಳ ತುದಿಯಲ್ಲೇ ಇತ್ತು. ತಡೆದುಕೊಂಡು, ಸಮಿತಿಯವರ ಮುಂದೆಯೇ ಮಾಡಿ ನೋಡೋಣ ಎಂದಷ್ಟೇ ಬರೆದೆ.

ಆ ದಿನ ಸಮಿತಿಯವರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಒಬ್ಬರು ನಿವೃತ್ತ ಇಂಜಿನಿಯರು. ಪರದೆಯ ಮೇಲಿನ ಪುಟವನ್ನು ಮೊದಲಿಂದ ಓದಿ, ಇದರಲ್ಲಿ ಟೀಚರ್ ಹೇಳಿಕೊಟ್ಟದ್ದೇನು, ಎಲ್ಲ ಮಕ್ಕಳೇ ಬರೆದಿದ್ದಾರಲ್ಲ ಎಂದರು. ಹೆಡ್‌ಮಿಸ್ ಮುಖ ಬಾಡಿತು. ನಾನು ಉತ್ತರ ಬರೆಯಲು ಕೀಬೋರ್ಡ್‌ಗೆ ಕೈ ಹಾಕಿದೆ. ಅಷ್ಟರಲ್ಲಿ ಚಿನಕುರುಳಿ ಎದ್ದು ನಿಂತ.

"ಸಾರ್, ಮೊದ್ಲು ಟೀಚರೇ ಎಲ್ಲಾ ಹೇಳಿಬಿಡ್ತಿದ್ರು, ನಾವು ಬರ್ಕೊಂಡು ಸುಮ್ನಾಗ್ತಿದ್ವಿ. ಈಗ ನಾವೇ ಹುಡುಕ್ಬೇಕು. ತಪ್ಪು ಬರೆದ್ರೆ ಎಲ್ರಿಗೂ ಕಾಣುತ್ತೆ, ಅದಕ್ಕೇ ಓದ್ಕೊಂಡು ಬರ್ತೀವಿ."

ನನ್ನನ್ನು ಹೊಗಳಿದನೋ, ಚುಚ್ಚಿದನೋ ಇನ್ನೂ ತಿಳಿದಿಲ್ಲ. ಇಂಜಿನಿಯರ್ ಮಾತ್ರ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

ಮೂಲೆಯ ಹುಡುಗಿ ಮೇಜಿನ ಬಳಿ ಬಂದಳು. ಉರಿಯುವ ಬತ್ತಿಯನ್ನು ಉಫ್ ಎಂದು ಆರಿಸಿದಳು. ಬಿಳಿ ಹೊಗೆ ದಾರದಂತೆ ಮೇಲೆದ್ದಿತು. ಬತ್ತಿಯನ್ನು ಮುಟ್ಟದೆ, ಎರಡು ಬೆರಳಷ್ಟು ಮೇಲೆ ಹೊಗೆಗೆ ಗೀರಿದ ಬೆಂಕಿಕಡ್ಡಿ ಹಿಡಿದಳು. ಉರಿ ಆ ಹೊಗೆಯನ್ನೇ ಹಿಡಿದು ಸರಕ್ಕನೆ ಇಳಿದು, ಮೇಣದಬತ್ತಿ ಮತ್ತೆ ಹೊತ್ತಿಕೊಂಡಿತು.

ಇಂಜಿನಿಯರ್ ಇನ್ನೊಂದು ಸಲ ಮಾಡಮ್ಮ ಎಂದರು. ಅವಳು ಮತ್ತೆ ಮಾಡಿದಳು. ಹೇಗೆ ಹೊಳೆಯಿತು ಎಂದು ಅವರು ಕೇಳಿದಾಗ, ಇಡೀ ಕೋಣೆಗೆ ಕೇಳುವ ಹಾಗೆ ಆ ಹುಡುಗಿ ಹೇಳಿದಳು:

"ನನಗೊಬ್ಳಿಗೇ ಹೊಳೀಲಿಲ್ಲ ಸಾರ್. ಅವಳು ತೂಗಿದ್ಲು, ಇವ್ನು ವಾಸನೆ ಅಂದ, ನಾನು ಅದ್ರ ಕೆಳಗೆ ಬರ್ದೆ."

ನನ್ನ ಇಷ್ಟು ವರ್ಷದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಕೇಳಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ, ದನಿಯಿದ್ದಿದ್ದರೂ ಆಗ ಮಾತು ಹೊರಡುತ್ತಿರಲಿಲ್ಲ.

ಸಮಿತಿ ಒಪ್ಪಿತು. ಒಂಬತ್ತನೇ ತರಗತಿಯ ವಿಜ್ಞಾನವೂ ನನಗೇ ಬಂದಿದೆ. ನಿಮ್ಮಪ್ಪ ಈ ಕಥೆಯನ್ನು ಬೀದಿಗೆಲ್ಲ ಹಂಚಿದ್ದಾರೆ. ಅವರ ಬಾಯಲ್ಲಿ ಆ ಉರಿ ಚಾವಣಿ ಮುಟ್ಟಿ ಬಂದಿದೆ. ಹಾಗಾಗಿ ಕೆಲಸ ಬಿಡುವ ಮಾತು ಇನ್ನು ಎತ್ತಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಈಗಲೂ ಟೀಚರೇ ಆಗಿರುವ,
ನಿನ್ನ ಅಮ್ಮ

ಕಡೆಗೊಂದು ಮಾತು: ಸಮಿತಿ ಬರುವ ಹಿಂದಿನ ದಿನ ಡಾಕ್ಟರ್ ಕರೆದು ಹೇಳಿದ್ದರು, ದನಿ ಇನ್ನು ಇಷ್ಟೇ, ಹೆಚ್ಚು ಬರುವುದಿಲ್ಲ ಎಂದು. ಅಯ್ಯೋ ಪಾಪ ಎಂದು ಯಾರೂ ನನ್ನನ್ನು ಉಳಿಸಿಕೊಳ್ಳುವುದು ಬೇಡವಾಗಿತ್ತು, ಅದಕ್ಕೇ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಒಪ್ಪಿಗೆ ಸಿಕ್ಕ ಮೇಲೆ ಹೆಡ್‌ಮಿಸ್‌ಗೆ ಹೇಳಿದೆ. ಅವರು ಕೊಟ್ಟ ಮಾತು ಬದಲಿಸಲಿಲ್ಲ. ಮೊನ್ನೆ ಬುಧವಾರ ಮಕ್ಕಳಿಗೂ ಪುಟದಲ್ಲಿ ಬರೆದು ತಿಳಿಸಿದೆ. ಮೂಲೆಯ ಬೆಂಚಿನಿಂದ ಒಂದು ಸಾಲು ಬಂತು: ‘ಹಾಗಾದರೆ ನಾಳೆ ಯಾವ ಪಾಠ ಟೀಚರ್?’