ಹೊಸ್ತಿಲಲ್ಲಿ ನಿಂತ ಕಾಲು

ಜಡೆ,
ಸೋಮವಾರ, 3 ಫೆಬ್ರವರಿ 2025

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ದಿನಾ ನೀರು ಕಾಯಿಸಿ ಸಂಗೀತಳಿಗೆ ಎರೆಯುತ್ತೀ, ಬಗ್ಗಿ ಏಳುವುದು ಕಷ್ಟವಾಗಿರಬೇಕು. ತಂಗಿಗೆ ಇನ್ನೂ ಸರಿಯಾಗಿ ಹಾಲು ಬಂದಿಲ್ಲವಂತೆ, ಕೂಸಿಗೆ ಡಬ್ಬಿ ಹಾಲು ಕುಡಿಸುತ್ತಿದ್ದೀರಂತೆ. ಫೋನ್ ಮಾಡಿದರೆ ನೀನು ಚಳಿ, ಅಪ್ಪನ ಕೆಮ್ಮು ಎಂದು ಹೇಳಿ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಹೆರಿಗೆಗೆಂದು ನಿನ್ನಲ್ಲಿಗೆ ಬಂದಿದ್ದೆ, ನನ್ನ ಮಗು ಹುಟ್ಟಿದ ನಾಲ್ಕನೇ ದಿನಕ್ಕೆ ಹೋಯಿತು. ಮುಂದಿನ ವಾರ ಸಂಗೀತ ಕೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬಂದಳು. ಅವತ್ತೇ ನೀನು "ಕೋಣಿ ಒಂದೇ ಐತಿ, ನೀ ಗಂಡನ ಮನಿಗೆ ಹೋಗವ್ವ" ಅಂದೆ. ಕೋಣೆ ಸಣ್ಣದೆಂದು ನಾನೂ ಒಪ್ಪಿದ ಹಾಗೆ ಮಾಡಿದೆ. ಹೊರಡುವ ಬೆಳಿಗ್ಗೆ ನೀನು ಹಿತ್ತಲಲ್ಲಿದ್ದೆ, ಸಂಗೀತಳಿಗೆ ನಿದ್ದೆ. ಕೂಸು ಅಳುತ್ತಿತ್ತು. ನನ್ನ ಎದೆ ಬಿಗಿದು ರವಿಕೆ ನೆನೆಯಿತು. ಮೈಗೆ ಯಾರ ಕೂಸು ಎಂಬುದಿಲ್ಲ ಅವ್ವಾ. ಆಮೇಲೆ ದಾರಿಯಲ್ಲಿ ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಮಗು ಅತ್ತಾಗಲೂ ಹಾಗೇ ಆಯಿತು. ಆ ಬೆಳಿಗ್ಗೆ ಎದ್ದು ಕೂಸಿನ ಕೋಣೆಯವರೆಗೆ ಹೋದೆ. ತಡೆಯಲು ಯಾರೂ ಇರಲಿಲ್ಲ. ಆದರೂ ಹೊಸ್ತಿಲಲ್ಲಿ ಕಾಲು ನಿಂತುಬಿಟ್ಟಿತು. ನನಗೇ ತಿಳಿಯದೆ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದೆ.

ಪಕ್ಕದ ಮನೆಯ ಶೇಷಮ್ಮ ನೆನಪಿದೆಯಾ? ಮೂರು ಮಕ್ಕಳನ್ನು ಕಳೆದುಕೊಂಡವಳು. ಆಗಷ್ಟೇ ಹುಟ್ಟಿದ್ದ ಸಂಗೀತಳನ್ನು ನೋಡಲು ಬಂದಾಗ ನೀನು ತೊಟ್ಟಿಲಿಗೆ ಅಡ್ಡ ನಿಂತೆ. ಅವಳು ಹೋದಮೇಲೆ "ಅಂಥಾಕಿ ನೆಳ್ಳು ಬೀಳಬಾರ್ದು" ಎಂದು ಮೆಣಸಿನಕಾಯಿ ಸುಟ್ಟೆ. ನನಗಾಗ ಆರು ವರ್ಷ. ಪಿಯುಸಿ ಓದಿದೆ, ಅದನ್ನೆಲ್ಲ ನಂಬುವುದಿಲ್ಲ ಎಂದುಕೊಂಡಿದ್ದೆ. ಕಾಲು ನಂಬಿತ್ತು. ನೀನು ನನ್ನನ್ನು ಕಳಿಸುವ ಅಗತ್ಯವೇ ಇರಲಿಲ್ಲ ಅವ್ವಾ, ಆ ಕೆಲಸವನ್ನು ನೀನು ಮೆಣಸಿನಕಾಯಿ ಸುಟ್ಟ ದಿನವೇ ಮಾಡಿ ಮುಗಿಸಿದ್ದೆ.

ನಿನ್ನೆ ಇಲ್ಲಿ ಒಂದು ಕುರಿಯ ಮರಿ ಸತ್ತಿತು. ನಮ್ಮ ಮನೆಯವರು ಅದರ ತೊಗಲನ್ನು ತಾಯಿಯಿಲ್ಲದ ಇನ್ನೊಂದು ಮರಿಗೆ ಹೊದಿಸಿದರು. ಸತ್ತ ಮರಿಯ ತಾಯಿ ಮೂಸಿ ನೋಡಿ ಮೊಲೆ ಕೊಟ್ಟಿತು. ಅತ್ತೆ "ನೋಡವ್ವ, ಇದಕ್ಕ ನೆಳ್ಳು ಗಿಳ್ಳು ಗೊತ್ತಿಲ್ಲ, ಪುಣ್ಯವಂತಿ" ಎಂದು ನಕ್ಕರು. ನಾನು ಹಟ್ಟಿಯ ಹಿಂದೆ ಹೋಗಿ ಹಾಲನ್ನು ಮಣ್ಣಿಗೆ ಹಿಂಡಿ ಬಂದೆ.

ಅಪ್ಪನಿಗೆ ನಮಸ್ಕಾರ. ಸಂಗೀತ ಬೆಚ್ಚಗಿರಲಿ. ಕೂಸಿಗೆ ನನ್ನ ಹಾರೈಕೆ ಮುಟ್ಟಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ನಿನ್ನ ಹಿರಿಮಗಳು,
ರೇಣುಕಾ

ಇನ್ನೊಂದು ಮಾತು. ಹಾಲು ನಿಲ್ಲಲು ಸೊರಬದ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟಿದ್ದಾರೆ. ಇನ್ನೂ ನುಂಗಿಲ್ಲ. ಈ ಕಾಗದವನ್ನು ನಿನ್ನ ಅಳಿಯನ ಕೈಯಲ್ಲೇ ಕಳಿಸುತ್ತಿದ್ದೇನೆ. ಕೂಸಿಗೆ ಹಾಲು ಕೊಡು ಬಾ ಎಂದು ನೀನೇ ಬಾಯಿಬಿಟ್ಟು ಹೇಳಬೇಕು, ಬೇರೆಯವರ ಕೈಲಿ ಹೇಳಿಸಬೇಡ. ನೀನು ಹೇಳದಿದ್ದರೆ ಆ ಹೊಸ್ತಿಲು ದಾಟಲು ನನ್ನಿಂದ ಆಗುವುದಿಲ್ಲ. ಗುರುವಾರದವರೆಗೆ ಕಾಯುತ್ತೇನೆ.