ಮುಫೀದಾಳ ಅಂಗಡಿಯ ಸರದಿ

ಪಾರೆ, ಕೆಡಿರಿ
ಶನಿವಾರ, 13 ಸೆಪ್ಟೆಂಬರ್ 1997

ಮುಫೀದಾಳ ಅಪ್ಪನಿಗೆ ಸಲಾಮುಗಳು.

ನಿಮ್ಮ ಸೊಂಟನೋವು ಹೇಗಿದೆ? ನೀವು ದುಡಿಯುವ ಎಣ್ಣೆತಾಳೆ ತೋಟದಲ್ಲಿ ಹಾವಿನ ಕಾಟವೆಂದು ಮಲೇಷ್ಯಾದಿಂದ ಬಂದವರು ಹೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಬೂಟು ಹಾಕಿಕೊಳ್ಳದೆ ತೋಟಕ್ಕೆ ಇಳಿಯಬೇಡಿ. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಹುಡುಗಿ ಹಾಸ್ಟೆಲಿನಲ್ಲಿ ಅಳುತ್ತಾಳೆ, ಮದ್ರಸಾ ಬಿಡಿಸಿ ಮನೆಗೆ ಕರೆತರಲೇ ಎಂದು ಬರೆದಿದ್ದೆನಲ್ಲ, ನೀವೂ ಹೂಂ ಎಂದಿರಿ. ನಿನ್ನೆ ಶುಕ್ರವಾರ, ಭೇಟಿಯ ದಿನ, ಅದಕ್ಕೆಂದೇ ಹೋದೆ. ಗುರುಗಳಿಗೆ ಏನು ಹೇಳುವುದು, ಅವರ ಹೆಂಡತಿ ನ್ಯಾಯಿ ಅಮ್ಮನಿಗೆ ಏನು ಹೇಳುವುದು ಎಂದು ಬಸ್ಸಿನಲ್ಲೆಲ್ಲ ಬೆವರಿದೆ. ಮದ್ರಸಾದ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಮಾಯ. ಅಲ್ಲಿ ಹಾಗೇ, ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋಗುತ್ತಾರೆ, ಕಳ್ಳತನ ಅಂತ ಯಾರೂ ಅನ್ನುವುದಿಲ್ಲ. "ನಮ್ಮ ಸಹಕಾರದಂಗಡೀಲಿ ಹೊಸದು ತಗೊಳ್ಳಿ, ಅದೂ ಹೋಗುತ್ತೆ" ಎಂದು ಅಲ್ಲಿ ಓದುವ ಹುಡುಗಿಯೊಬ್ಬಳು ನಕ್ಕಳು.

ಆ ಅಂಗಡಿಯನ್ನು ಮಕ್ಕಳೇ ನಡೆಸುವುದು. ಸರಕು ತರಿಸುವುದು, ಬೆಲೆ ಕಟ್ಟುವುದು, ಬೀಗ ಹಾಕುವುದು ಎಲ್ಲ ಅವರೇ. ಗಲ್ಲಾಪೆಟ್ಟಿಗೆಯ ಹಿಂದೆ ನಮ್ಮ ಮುಫೀದಾ. ಮನೆಗೆ ಯಾರಾದರೂ ಬಂದರೆ ನನ್ನ ಸೆರಗಿನ ಹಿಂದೆ ಸೇರಿಕೊಳ್ಳುತ್ತಿದ್ದವಳು. ಖುಷಿಯಲ್ಲಿ ನುಗ್ಗಿದರೆ, "ಸರದೀಲಿ ಬಾಮ್ಮಾ" ಎಂದಳು, ಹೆತ್ತವಳಿಗೆ. ಮುಖ ಸಪ್ಪಗಾಗಿ ಹಿಂದೆ ಹೋದರೆ ಸರದಿಯ ಕೊನೆಯಲ್ಲಿ ನ್ಯಾಯಿ ಅಮ್ಮನೇ ನಿಂತಿದ್ದಾರೆ. ಅವರೆದುರು ಮಕ್ಕಳು ತಲೆ ಎತ್ತುವುದಿಲ್ಲ, ಬೆನ್ನು ತೋರಿಸುವುದಿಲ್ಲ, ನಿಮಗೆ ಗೊತ್ತಲ್ಲ. "ಯಾಕಮ್ಮ ಹಾಗೆ ನೋಡ್ತೀರಿ? ಅಂಗಡೀಲಿ ನಾನೂ ಗಿರಾಕಿನೇ. ಮೊದಲ್ನೇ ದಿನ ನಿಮ್ಮ ಮಗಳು ಸರದಿ ಬಿಟ್ಟು ನನ್ನನ್ನ ಮುಂದಕ್ಕೆ ಕರೆದು ನನ್ನ ಕೈಲೇ ಬೈಸ್ಕೊಂಡಳು" ಎಂದರು.

ಸರದಿ ಬಂದಾಗ ಅವರು ಸಾಬೂನು ಕೇಳಿದರು. ಮುಫೀದಾ ನೆಲ ನೋಡುತ್ತ, "ಒಂದೇ ಉಳಿದಿದೆ ನ್ಯಾಯಿ ಅಮ್ಮ. ಮುಂಚೆ ಕೇಳಿದ ಹುಡುಗಿಗೆ ಎತ್ತಿಟ್ಟಿದೀನಿ. ಸೋಮವಾರ ಬರುತ್ತೆ" ಎಂದಳು. ಧ್ವನಿ ನಡುಗಿತು, ಆದರೆ ಮಾತು ಪೂರ್ತಿ ಆಡಿದಳು. ನ್ಯಾಯಿ ಅಮ್ಮ, "ಆಯ್ತು ತಾಯಿ, ಅಲ್ಲೀವರೆಗೂ ಕೊಳಕಾಗೇ ಇರ್ತೀನಿ" ಎಂದು ಹೊರಟರು.

ಅಕ್ಕಪಕ್ಕದವರೆಲ್ಲ ನಿಮ್ಮನ್ನು ಕೇಳಿದ್ದಾರೆ. ಅಲ್ಲಾಹು ನಿಮ್ಮನ್ನು ಹಾವಿನಿಂದ, ಜ್ವರದಿಂದ, ಆ ಸಿಡುಕ ಮೇಸ್ತ್ರಿಯಿಂದ ಕಾಪಾಡಲಿ.

ನಿಮ್ಮ
ಮುಸ್ರಿಫಾ

ಬರೆಯಲೋ ಬೇಡವೋ ಎಂದಿದ್ದೆ: ಅವಳನ್ನು ಅಲ್ಲೇ ಬಿಟ್ಟು ಬಂದೆ. ಅಳು ನಿಂತು ಎಷ್ಟೋ ದಿನವಾಯಿತಂತೆ. ಮನೆಯಲ್ಲಿ ಒಬ್ಬಳೇ ಇರಲಾಗದೆ ಅಳುತ್ತಿರುವುದು ನಾನು. ಈ ಹಬ್ಬಕ್ಕೆ ನೀವು ಬನ್ನಿ.