ಎರಡು ಕೈಗೆ ಎರಡು ವಾಚು

ನವೆಂಬರ್ ೩, ಬೆಳಿಗ್ಗೆ

ಹೊಸದು ಬಂತು. ಡಬ್ಬಿ ತೆರೆದೆ, ಪ್ಲಾಸ್ಟಿಕ್ ಹಾಳೆ ಕಿತ್ತೆ, ಚಾರ್ಜಿಗೆ ಹಾಕಿದೆ. ಓಟ, ಈಜು, ಸೈಕಲ್ಲು — ಮೂರಕ್ಕೂ ಒಂದೇ ಎನ್ನುವ ಜಾತಿಯ ವಾಚು. ಕಟ್ಟಿಕೊಂಡರೆ ಹಗುರ. ಸ್ಕ್ರೀನು ಮಾತ್ರ ಆಭರಣದಂಗಡಿಯ ಹಾಗೆ ಝಗಝಗ.

ಸಂಪಾದಕರ ಫೋನು. "ಒಂದನ್ನೇ ಹೊಗಳಿದ್ರೆ ಯಾರೂ ಓದಲ್ಲ ಮೇಡಂ. ಹಿಂದಿನ ಮಾಡೆಲ್ ಜೊತೆ ಹೋಲಿಸಿ ಬರೀರಿ. ಹಳೇದು ಇಟ್ಕೊಂಡಿರೋರು ಹೊಸದು ತಗೋಬೇಕಾ ಬೇಡ್ವಾ, ಅಷ್ಟು ಹೇಳಿ. ಹಳೇದು ನಾನೇ ಕಳಿಸ್ಲಾ?"

"ಮನೇಲಿದೆ" ಅಂದುಬಿಟ್ಟೆ.

ಇದೆ. ಇವರದು. ಬೀರುವಿನ ಮೇಲಿನ ಖಾನೆಯಲ್ಲಿ, ಆಸ್ಪತ್ರೆಯವರು ಕೊಟ್ಟ ಕವರಿನಲ್ಲೇ. ಇವರು ಹೋಗಿ ಎಂಟು ತಿಂಗಳಾಯಿತು. ಕವರು ನಾನು ಬಿಚ್ಚಿಲ್ಲ, ಅತ್ತೆಯೂ ಕೇಳಿಲ್ಲ.

ಹೋಲಿಕೆ ಕಷ್ಟವಲ್ಲ. ಎಡಗೈಗೆ ಹಳೆಯದು, ಬಲಗೈಗೆ ಹೊಸದು, ಒಂದೇ ದಾರಿ, ಒಂದೇ ಬೆವರು. ಹೊಟ್ಟೆಪಾಡಿಗೆ ಎಷ್ಟು ವರ್ಷದಿಂದ ಮಾಡಿದ್ದೇನೆ. ಕವರು ಬಿಚ್ಚುವುದೊಂದೇ ಕಷ್ಟ.

ನವೆಂಬರ್ ೩, ಸಂಜೆ

ಬಿಚ್ಚಿದೆ. ಸ್ಟ್ರಾಪಿನಲ್ಲಿ ಬೆವರಿನ ಉಪ್ಪು ಬೆಳ್ಳಗೆ ಕಟ್ಟಿದೆ. ತೊಳೆಯಲಿಲ್ಲ. ಚಾರ್ಜಿಗೆ ಹಾಕಿ ಪಾತ್ರೆ ತಿಕ್ಕಲು ಹೋದೆ. ಬರುವಷ್ಟರಲ್ಲಿ ಎಚ್ಚರವಾಗಿತ್ತು.

ಸ್ಕ್ರೀನಿನ ಮೇಲೆ — ಸೈಕಲ್ ಸವಾರಿ ಅರ್ಧಕ್ಕೆ ನಿಂತಿದೆ. ಕೆಳಗೆ ಮೂರು ಸಾಲು. ರೆಸ್ಯೂಮ್. ಸೇವ್. ಡಿಸ್ಕಾರ್ಡ್.

ಕುಳಿತುಬಿಟ್ಟೆ.

ಆವತ್ತು ಸೇತುವೆಯ ಕಟ್ಟೆಯ ಮೇಲೆ ಕುಳಿತಲ್ಲೇ ಹೋದವರು ಇವರು. ಸೈಕಲ್ಲನ್ನು ಪಕ್ಕದಲ್ಲಿ ನೀಟಾಗಿ ಒರಗಿಸಿದ್ದರು. ಹೃದಯ ನಿಂತಿತು, ಅವರಿಗೆ ಗೊತ್ತೇ ಆಗಿರುವುದಿಲ್ಲ ಅಂದರು ಡಾಕ್ಟರು. ಅದನ್ನೇ ನಂಬಿಕೊಂಡಿದ್ದೆ. ಆದರೆ ಈ ವಾಚಿನಲ್ಲಿ ಸವಾರಿ ತಾನಾಗಿ ಹೀಗೆ ನಿಲ್ಲುವುದಿಲ್ಲ. ಬಟನ್ ಒತ್ತಿ ನಿಲ್ಲಿಸಬೇಕು, ಆಮೇಲೆ ಪಟ್ಟಿಯಲ್ಲಿ ಇನ್ನೂ ಕೆಳಗಿಳಿದು 'ರೆಸ್ಯೂಮ್ ಲೇಟರ್' ಆರಿಸಬೇಕು. ನಿಲ್ಲಿಸಿದ್ದಾರೆ. ಆರಿಸಿದ್ದಾರೆ. ಸ್ವಲ್ಪ ಸುಧಾರಿಸಿಕೊಂಡು ಹೊರಡೋಣ ಅಂತ...

ಮೂರರಲ್ಲಿ ಯಾವುದನ್ನೂ ಒತ್ತಲಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ.

ನವೆಂಬರ್ ೪

ಹೋಲಿಸುವ ಮೊದಲು ಎರಡನ್ನೂ ರೀಸೆಟ್ ಮಾಡಬೇಕು, ಎರಡಕ್ಕೂ ಒಂದೇ ವಯಸ್ಸು, ಒಂದೇ ತೂಕ ಕೊಡಬೇಕು. ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟ ಪಾಠ. ಹಳೆಯದನ್ನು ರೀಸೆಟ್ ಮಾಡಲಿಲ್ಲ. ಮಾಡಿದರೆ ಆ ಸವಾರಿ ಅಳಿಸಿಹೋಗುತ್ತದೆ. ಹಾಗೇ ಕಟ್ಟಿಕೊಂಡು ಮಲಗಿದೆ.

ಹಾಗಾಗಿ ಅದು ನನ್ನನ್ನು ಇವರೆಂದೇ ತಿಳಿದಿದೆ. ಬೆಳಗಿನ ವರದಿ: ಎದೆಬಡಿತ ಎಂದಿಗಿಂತ ಬಹಳ ಹೆಚ್ಚು, ದೇಹ ಚೇತರಿಸಿಕೊಂಡಿಲ್ಲ, ಇವತ್ತು ವಿಶ್ರಾಂತಿ. ಅದೇ ಎದೆಯನ್ನು ಬಲಗೈಯಿಂದ ಓದಿದ ಹೊಸದು ಹೇಳುತ್ತದೆ: ಎಲ್ಲ ಸರಿಯಿದೆ, ಓಡಲು ಒಳ್ಳೆಯ ದಿನ.

ಎಡಗಡೆ ರೋಗಿ, ಬಲಗಡೆ ಪೈಲ್ವಾನ್. ನಗು ಬಂತು. ನಕ್ಕ ಮೇಲೆ ಮನೆ ತೀರಾ ಸುಮ್ಮನಾಯಿತು. ಇವರಿಗೆ ಹೇಳಬೇಕಿದ್ದ ಮಾತು. ಆವತ್ತು ಬೆಳಿಗ್ಗೆ ಹೇಳಬೇಕಿದ್ದ ಮಾತು. ಇವತ್ತು ನನಗೆ ಹೇಳುತ್ತಿದೆ.

ನವೆಂಬರ್ ೬, ಸಂಜೆ ಏಳು

ಅಡುಗೆ ಅಲ್ಲೇ ಬಿಟ್ಟು ಬಂದು ಕುಳಿತೆ. ಬರೆದರೆ ಎದೆಯ ಭಾರ ಇಳಿಯಬಹುದು.

ಹಿಟ್ಟು ನಾದುತ್ತಿದ್ದೆ. ಎರಡೂ ವಾಚು ಕೈಯಲ್ಲೇ. ಮಣಿಕಟ್ಟು ಮಡಚಿದರೆ ಹಳೆಯದರ ಬಟನ್ ಅಂಗೈ ಹಿಂಬದಿಗೆ ಒತ್ತಿಕೊಳ್ಳುತ್ತದೆ. ಈ ಮಾಡೆಲಿನ ಮೇಲೆ ಎಲ್ಲರದೂ ಅದೇ ದೂರು. ಹೊಸದರಲ್ಲಿ ಬಟನ್ ಸುತ್ತ ಅಂಚು ಎತ್ತರಿಸಿದ್ದಾರೆ. ಗೊತ್ತಿದ್ದೂ ಬಿಚ್ಚದೆ ನಾದಿದೆ. ಬೀಪ್ ಅಂತು. ಹಿಟ್ಟಿನ ಕೈ, ನೋಡಲಿಲ್ಲ.

ಅತ್ತೆ ಕೋಣೆಯಿಂದ ಬಂದರು. ಕೈಯಲ್ಲಿ ಫೋನು.

"ಅವನು ಹೊರಟನಂತೆ" ಅಂದರು.

ಸವಾರಿ ಶುರುಮಾಡಿದೊಡನೆ ಅಮ್ಮನಿಗೆ ಮೆಸೇಜು ಹೋಗುವಂತೆ ಇವರು ಮಾಡಿಟ್ಟಿದ್ದರು. ಮೆಸೇಜು ಒತ್ತಿದರೆ ಮ್ಯಾಪು, ಮ್ಯಾಪಿನ ಮೇಲೆ ಓಡುವ ನೀಲಿ ಚುಕ್ಕಿ. ಇವರ ಫೋನನ್ನು ಅತ್ತೆ ಇವತ್ತಿಗೂ ಆಫ್ ಮಾಡಲು ಬಿಟ್ಟಿಲ್ಲ, ದಿನಾ ಚಾರ್ಜಿಗೆ ಹಾಕುತ್ತಾರೆ. ವಾಚು ಅದನ್ನು ಹುಡುಕಿಕೊಂಡು ಕೂಡಿಕೊಂಡಿದೆ, ನಾದುವಾಗ ರೆಸ್ಯೂಮ್ ಒತ್ತಿಹೋಗಿದೆ. ನನ್ನ ಕಸುಬೇ ಇದು, ನನಗೆ ಹೊಳೆಯಬೇಕಿತ್ತು.

"ಎಲ್ಲಿದಾನೆ ನೋಡು." ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. "ಇಲ್ಲೇ. ನಮ್ಮನೇಲೇ."

ಚುಕ್ಕಿ ನಮ್ಮ ಮನೆಯ ಮೇಲೆ ನಿಂತು ಮಿನುಗುತ್ತಿತ್ತು. ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ, ಕದ್ದು ತಿಂದ ಮಗುವಿನ ಹಾಗೆ. ಅತ್ತೆ ಆ ಕೈ ಹಿಡಿದು ಮುಂದಕ್ಕೆ ಎಳೆದರು. ಹಿಟ್ಟು ಮೆತ್ತಿದ ವಾಚನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಆಫ್ ಮಾಡ್ಬೇಡ" ಅಂದರು. ಸೆರಗಿನಿಂದ ಗಾಜು ಒರೆಸಿ ಒಳಗೆ ಹೋದರು.

ನಿಲ್ಲಿಸಿದೆ. ಕೆಳಗಿಳಿದು ರೆಸ್ಯೂಮ್ ಲೇಟರ್ ಆರಿಸಿದೆ. ಇವರ ಹಾಗೆಯೇ.

ನವೆಂಬರ್ ೭

ಅತ್ತೆ ಬೆಳಗಿನಿಂದ ಮ್ಯಾಪು ಹಿಡಿದು ಕುಳಿತಿದ್ದಾರೆ.

"ಇದೇನಮ್ಮ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ? ಸೇತುವೆಯಿಂದ ಸೀದಾ ನಮ್ಮನೆಗೆ?"

"ನಡುವೆ ವಾಚು ನಿಂತಿತ್ತಲ್ಲ ಅತ್ತೆ. ನಿಂತ ಜಾಗ, ಮತ್ತೆ ಶುರುವಾದ ಜಾಗ, ಎರಡನ್ನೂ ಅದೇ ಸೇರಿಸಿಬಿಡುತ್ತೆ."

"ಕೆರೆ, ಮನೆ, ಎಲ್ಲದರ ಮೇಲೂ ಹಾರ್ಕೊಂಡು ಬಂದಿದಾನೆ. ದೆವ್ವ ಬಂದ ಹಾಗೆ. ಅವನು ಹಾಗೆ ಬರೋನಲ್ಲ, ದಾರಿ ಹಿಡಿದು ಬರೋನು. ನೀನು ಹೋಗಿ ಕರ್ಕೊಂಡು ಬಾ."

"ಬಂದ್ಮೇಲೆ?"

"ಬಂದ್ಮೇಲೆ ಮುಗೀತು. ಅದೇನೋ ಒತ್ತೋದಿರುತ್ತಲ್ಲ, ಒತ್ತು. ಎಷ್ಟು ದಿನ ಅಂತ ದಾರೀಲೇ ನಿಲ್ಸೋದು ಅವನನ್ನ?"

ನನಗೆ ಮುಗಿಸುವುದು ಬೇಡ. ಇಲ್ಲಲ್ಲದೆ ಇನ್ನೆಲ್ಲಿ ಹೇಳಲಿ — ಆ ಸವಾರಿ ಮುಗಿಯುವವರೆಗೆ ಇವರು ಎಲ್ಲೋ ಕುಳಿತು ಸುಧಾರಿಸಿಕೊಳ್ಳುತ್ತಿದ್ದಾರೆ. ಸೇವ್ ಒತ್ತಿದರೆ ಹೋದರು. ಕೇಳಿದವರು ಹುಚ್ಚು ಅಂದಾರು. ಹುಚ್ಚೇ.

ನವೆಂಬರ್ ೧೨

ಬರೆಯಲಿಲ್ಲ ಇಷ್ಟು ದಿನ. ಅತ್ತೆಯೊಂದಿಗೆ ಮಾತೂ ಕಡಿಮೆ. ಎದುರಾದಾಗ ಮುಖ ಬಿಟ್ಟು ನನ್ನ ಎಡಗೈ ನೋಡುತ್ತಾರೆ. ಸ್ನಾನಕ್ಕೂ ಬಿಚ್ಚುತ್ತಿಲ್ಲ ನಾನು. ಹೊಸದು ಮೇಜಿನ ಮೇಲೆ ಧೂಳು ತಿನ್ನುತ್ತಿದೆ.

ಬಹಳ ಹೊತ್ತು ಕುಳಿತೇ ಇದ್ದರೆ ಹಳೆಯದು ನಡುಗಿ ಎಚ್ಚರಿಸುತ್ತದೆ: ಏಳಿ, ಓಡಾಡಿ. ಇವತ್ತು ನಡುಗಿದಾಗ "ಬಂದೆ ರೀ" ಅಂದೆ. ಗಟ್ಟಿಯಾಗಿಯೇ. ಅತ್ತೆ ಕೇಳಿಸಿಕೊಂಡರು. ಕೇಳಿಸದವರಂತೆ ಟಿವಿಯ ಸದ್ದು ಏರಿಸಿದರು.

ಸಂಪಾದಕರಿಗೆ ಬರೆದಷ್ಟನ್ನು ಫೋನಿನಲ್ಲಿ ಓದಿದೆ. ಹೊಸದರಲ್ಲಿ ಮ್ಯಾಪು ಸ್ಪಷ್ಟ, ಬ್ಯಾಟರಿ ಹೆಚ್ಚು, ಮರಗಳ ಅಡಿಯಲ್ಲೂ ದಾರಿ ತಪ್ಪುವುದಿಲ್ಲ. ಹಳೆಯದು ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ, ಬೆವರಿನ ಕೈಗೆ ಬಟನ್ನೇ ವಾಸಿ.

"ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಥರ ಆಯ್ತಲ್ಲ ಮೇಡಂ. ಬದಲಾಯಿಸ್ಬೇಕಾ ಬೇಡ್ವಾ?"

"ಇನ್ನೊಂದು ವ್ಯತ್ಯಾಸ ಇದೆ. ಅರ್ಧಕ್ಕೆ ನಿಲ್ಲಿಸಿ ಮರೆತುಬಿಟ್ರೆ, ಹೊಸದು ಸ್ವಲ್ಪ ಹೊತ್ತು ನೋಡಿ ತಾನೇ ಸೇವ್ ಮಾಡಿಬಿಡುತ್ತೆ. ಹಳೇದು ಮಾಡಲ್ಲ. ಕಾಯ್ತಾ ಇರುತ್ತೆ."

"ಒಳ್ಳೇದೇ ಅಲ್ವಾ ಹಾಗಾದ್ರೆ ಹೊಸದು?"

ಹೂಂ ಅಂದೆ. ಇವರ ಕೈಯಲ್ಲಿ ಹೊಸದು ಇದ್ದಿದ್ದರೆ, ನಮಗೆ ಸುದ್ದಿ ಮುಟ್ಟುವ ಮೊದಲೇ ಎಲ್ಲ ಮುಗಿದಿರುತ್ತಿತ್ತು. ಅತ್ತೆಗೂ ನನಗೂ ಜಗಳವಾಡಲು ಏನೂ ಉಳಿಯುತ್ತಿರಲಿಲ್ಲ.

ನವೆಂಬರ್ ೧೩

ಬೆಳಿಗ್ಗೆ ಬಾಗಿಲ ಬಳಿ ಅತ್ತೆ. ಇವರ ಬೂಟಿನಲ್ಲಿ ಕಾಲು ತೂರಿಸುತ್ತಿದ್ದರು. ಮೊಣಕಾಲು ಮಡಚಲಾಗದೆ ನಿಂತೇ ಊಟ ಬಡಿಸುವ ಹೆಂಗಸು.

"ವಾಚು ಕೊಡು. ನೀನು ಹೋಗಲ್ಲ, ನಾನೇ ನಡೆಸ್ಕೊಂಡು ಬರ್ತೀನಿ. ಸಂಜೆ ಆಗುತ್ತೆ, ಅಷ್ಟೇ ತಾನೇ?"

ಕೆಳಗೆ ಕುಳಿತು ಬೂಟು ಬಿಚ್ಚಿದೆ. ಪಾದ ಊದಿಕೊಂಡಿತ್ತು.

"ನಾಳೆ ಹೋಗ್ತೀನಿ ಅತ್ತೆ. ನಾನೇ ಹೋಗ್ತೀನಿ."

ತಲೆಯ ಮೇಲೆ ಕೈಯಿಟ್ಟರು.

ನವೆಂಬರ್ ೧೪, ಬೆಳಿಗ್ಗೆ

ನನ್ನ ಫೋನಿನಲ್ಲೇ ಬರೆಯುತ್ತಿದ್ದೇನೆ. ರಸ್ತೆ ಬದಿ.

ಸೇತುವೆಗೆ ಹೋದೆ. ಇವರ ಸೈಕಲ್ಲು ನನಗೆ ಎತ್ತರ, ನನ್ನದರಲ್ಲೇ. ಇವರ ಫೋನು ಬೆನ್ನ ಜೇಬಿನಲ್ಲಿ. ಕಟ್ಟೆಯ ಮೇಲೆ ಕುಳಿತೆ. ತಣ್ಣಗಿತ್ತು. ರೆಸ್ಯೂಮ್ ಒತ್ತಿದೆ. ಅಭ್ಯಾಸಬಲ — ಬಲಗೈಯ ಹೊಸದನ್ನೂ ಶುರುಮಾಡಿದೆ. ಹೊಸದರಲ್ಲಿ ದೂರ ಸೊನ್ನೆಯಿಂದ. ಹಳೆಯದರಲ್ಲಿ ಇವರು ಬಿಟ್ಟಲ್ಲಿಂದ.

ದಾರಿಯುದ್ದಕ್ಕೂ ಹಿಂದೆ ಚೈನಿನ ಸದ್ದು. ನನ್ನದೇ ಇರಬೇಕು. ತಿರುಗಿ ನೋಡಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದದ್ದು ನಾನು ಹಿಡಿಯುವ ಜಾಗದಲ್ಲಲ್ಲ, ಇವರು ಹಿಡಿಯುತ್ತಿದ್ದ ಜಾಗದಲ್ಲಿ. ಭಯವಾಗಲಿಲ್ಲ. ಸುಖವಾಗಿತ್ತು. ಅದೇ ಭಯ.

ಗೇಟಿನಲ್ಲಿ ಅತ್ತೆ. ರಸ್ತೆ ನೋಡುತ್ತಿರಲಿಲ್ಲ, ಫೋನು ನೋಡುತ್ತಿದ್ದರು. ತಲೆ ಎತ್ತಿದರು. ನಾನು ನಿಲ್ಲಿಸಲಿಲ್ಲ. ಅವರ ಮುಂದೆಯೇ ದಾಟಿ ಬಂದೆ. ಮುಚ್ಚಿದ ಪೆಟ್ರೋಲ್ ಬಂಕಿನ ಹತ್ತಿರ ಉಸಿರು ಸಿಕ್ಕಲಿಲ್ಲ, ಇಳಿದೆ.

ಹಳೆಯದರ ಬ್ಯಾಟರಿ ಕೆಂಪಗಾಗಿದೆ. ಆರಿಹೋದರೆ ಮತ್ತೆ ಅರ್ಧಕ್ಕೇ ನಿಲ್ಲುತ್ತದೆ. ಅದನ್ನೇ ಕಾಯುತ್ತಿದ್ದೆನೋ ಏನೋ.

ಇವರ ಫೋನು ರಿಂಗಾಯಿತು. ಸ್ಕ್ರೀನಿನ ಮೇಲೆ 'ಅಮ್ಮ'.

ಎತ್ತಿದೆ.

"ಮುಂದಕ್ಕೆ ಹೋಗ್ಬಿಟ್ಯಲ್ಲ."

"ಹೂಂ."

"ಎಲ್ಲೀವರೆಗೆ ಹೋಗ್ತೀಯ?"

ವಾಚಿನ ಕೆಂಪು ಬ್ಯಾಟರಿ ನೋಡಿದೆ.

"ಅವನನ್ನ ಕರ್ಕೊಂಡು ಬಾ ಅಂದಿದ್ದೆ. ಬಿಡು, ಅದೂ ಬೇಡ. ಅವನು ಎಲ್ಲಿಗೆ ಹೋಗ್ಬೇಕೋ ಹೋಗ್ಲಿ. ನೀನು ಬಾ. ಗೇಟಲ್ಲಿ ನಿಂತು ಕಾಯೋಕೆ ನಂಗೆ ಉಳಿದಿರೋಳು ನೀನೊಬ್ಳೇ."

ಬಂಕಿನ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಇಷ್ಟು ತಿಂಗಳಲ್ಲಿ ಮೊದಲ ಸಲ, ದಾರಿಹೋಕರು ನೋಡುವ ಹಾಗೆ.

ಅತ್ತೆ ಕಟ್ ಮಾಡಿಲ್ಲ. ಇವರ ಫೋನು ತೊಡೆಯ ಮೇಲಿದೆ, ಅವರ ಉಸಿರು ಕೇಳುತ್ತಿದೆ. ನಿಲ್ಲಿಸಿದೆ. ಸೇವ್ ಒತ್ತಿದೆ. ಸವಾರಿ ಮುಗಿದ ಮೆಸೇಜು ಅತ್ತೆಯ ಕೈಯಲ್ಲಿ ಟಿಂಗ್ ಅಂದದ್ದು ನನಗೆ ಇಲ್ಲಿಗೇ ಕೇಳಿಸಿತು. ಆಮೇಲೆ ಅವರ ಉಸಿರು ಅಳುವಾಯಿತು. "ಬಂದೆ ಅತ್ತೆ, ಬಂದೆ" ಅನ್ನುತ್ತಿದ್ದೇನೆ, ಕೇಳಿಸುತ್ತಿಲ್ಲ ಅವರಿಗೆ. ಹೊರಡಬೇಕು. ಆ ಊದಿದ ಕಾಲಲ್ಲಿ ಅವರು ಇನ್ನೂ ಗೇಟಿನಲ್ಲೇ ನಿಂತಿರುತ್ತಾರೆ.